ಮನೋವೈದ್ಯಕೀಯ ಆರೈಕೆಯಲ್ಲಿ ರೋಗಿಯ ತೃಪ್ತಿ ಮತ್ತು ಸಿಬ್ಬಂದಿಯೊಡನೆ ಸಂವಹನ

ಮಾನಸಿಕ ಅಸ್ವಸ್ಥತೆಗೆ ಚಿಕಿತ್ಸೆ ಪಡೆದವರು ಆ ಚಿಕಿತ್ಸೆಯ ಬಗ್ಗೆ, ಆಸ್ಪತ್ರೆಯ ಬಗ್ಗೆ, ತಮ್ಮನ್ನು ನೋಡಿಕೊಂಡ ವೈದ್ಯರು, ದಾದಿಯರು ಮತ್ತು ಇತರ ಸಿಬ್ಬಂದಿಯ ಬಗ್ಗೆ ತಾವೇ ಹೇಳುವ ತೀರ್ಮಾನವನ್ನು ಮನೋವೈದ್ಯಕೀಯದಲ್ಲಿ ರೋಗಿಯ ತೃಪ್ತಿ ಎನ್ನುತ್ತಾರೆ. ಆರೋಗ್ಯ ಸೇವೆಯ ಗುಣಮಟ್ಟವನ್ನು ತೂಗಿನೋಡುವ ಮಾನದಂಡಗಳಲ್ಲಿ ಇದೂ ಒಂದು. ಮೂಳೆ ಮುರಿದರೆ ಎಕ್ಸ್‌ರೇ ಇದೆ, ಸಕ್ಕರೆ ಕಾಯಿಲೆಗೆ ರಕ್ತಪರೀಕ್ಷೆ ಇದೆ. ಮನಸ್ಸಿನ ಕಾಯಿಲೆಯಲ್ಲಿ ರೋಗವನ್ನು ಗುರುತಿಸುವುದೂ ಚಿಕಿತ್ಸೆ ನಡೆಸುವುದೂ ಗುಣವಾಗಿದೆಯೇ ಎಂದು ತಿಳಿಯುವುದೂ ಬಹುಪಾಲು ಮಾತಿನ ಮೂಲಕವೇ. ಆದ್ದರಿಂದ ಇಲ್ಲಿ ರೋಗಿ ಮತ್ತು ಸಿಬ್ಬಂದಿಯ ನಡುವಿನ ಸಂವಹನ ಚಿಕಿತ್ಸೆಯ ಒಂದು ಭಾಗವೇ ಆಗಿದೆ. ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳಲ್ಲಿ ರೋಗಿಗಳ ತೃಪ್ತಿ ಅಥವಾ ಅತೃಪ್ತಿಗೆ ಮೊದಲ ಸಾಲಿನ ಕಾರಣವಾಗಿ ಕಾಣಿಸಿಕೊಳ್ಳುವುದು ಸಿಬ್ಬಂದಿ ತಮ್ಮ ಮಾತನ್ನು ಕೇಳಿಸಿಕೊಂಡರೇ, ನಡೆಯುತ್ತಿರುವುದನ್ನು ತಿಳಿಸಿ ಹೇಳಿದರೇ, ಮನುಷ್ಯರಂತೆ ನಡೆಸಿಕೊಂಡರೇ ಎಂಬ ಸಂಗತಿಗಳು.

ಪರಿಕಲ್ಪನೆ

ಅಮೆರಿಕದ ವೈದ್ಯ ಅವೆಡಿಸ್ ಡೊನಬೇಡಿಯನ್ 1966ರಲ್ಲಿ ಆರೋಗ್ಯ ಸೇವೆಯ ಗುಣಮಟ್ಟವನ್ನು ರಚನೆ, ಪ್ರಕ್ರಿಯೆ, ಫಲಿತಾಂಶ ಎಂದು ಮೂರಾಗಿ ವಿಂಗಡಿಸಿದರು. ಕಟ್ಟಡ, ಹಾಸಿಗೆ, ಸಿಬ್ಬಂದಿಯ ಸಂಖ್ಯೆ ರಚನೆಗೆ ಸೇರುತ್ತವೆ. ಪರೀಕ್ಷೆ, ಔಷಧ, ಆರೈಕೆಯ ರೀತಿ ಪ್ರಕ್ರಿಯೆಗೆ ಸೇರುತ್ತವೆ. ರೋಗಿಯ ಸ್ಥಿತಿಯಲ್ಲಿ ಆದ ಬದಲಾವಣೆಯೇ ಫಲಿತಾಂಶ. ರೋಗಿಯ ತೃಪ್ತಿಯನ್ನೂ ಅವರು ಫಲಿತಾಂಶವೆಂದೇ ಪರಿಗಣಿಸಿದರು. ಗುಣಮಟ್ಟದ ಚರ್ಚೆಯಲ್ಲಿ ರೋಗಿಯ ಅಭಿಪ್ರಾಯಕ್ಕೆ ಒಂದು ನೆಲೆ ಸಿಕ್ಕಿದ್ದು ಹೀಗೆ.

ತೃಪ್ತಿ ಮತ್ತು ಅನುಭವ ಎಂಬ ಎರಡನ್ನು ಇಂದಿನ ಸಂಶೋಧಕರು ಬೇರೆಬೇರೆಯಾಗಿ ನೋಡುತ್ತಾರೆ. ‘ಚಿಕಿತ್ಸೆ ನಿಮಗೆ ತೃಪ್ತಿ ತಂದಿದೆಯೇ?’ ಎಂಬುದು ತೃಪ್ತಿಯ ಪ್ರಶ್ನೆ. ‘ಈ ಮಾತ್ರೆಯ ಅಡ್ಡಪರಿಣಾಮಗಳನ್ನು ಯಾರಾದರೂ ನಿಮಗೆ ವಿವರಿಸಿದರೇ?’ ಎಂಬುದು ಅನುಭವದ ಪ್ರಶ್ನೆ. ಮೊದಲನೆಯದಕ್ಕೆ ಬರುವ ಉತ್ತರ ರೋಗಿಯ ನಿರೀಕ್ಷೆಯನ್ನು ಅವಲಂಬಿಸಿದೆ. ಏನನ್ನೂ ನಿರೀಕ್ಷಿಸದೆ ಬಂದವರು ಅಲ್ಪಕ್ಕೂ ಸಂತೋಷಪಡುತ್ತಾರೆ. ಎರಡನೆಯದಕ್ಕೆ ಬರುವ ಉತ್ತರ ನಡೆದದ್ದನ್ನು ನೇರವಾಗಿ ತಿಳಿಸುತ್ತದೆ. ಬ್ರಿಟನ್ನಿನ ಸಂಶೋಧಕ ಬ್ರಯನ್ ವಿಲಿಯಮ್ಸ್ 1994ರಲ್ಲಿ ತೃಪ್ತಿಯೆಂಬ ಅಳತೆಯನ್ನೇ ಪ್ರಶ್ನಿಸಿದರು. 1998ರಲ್ಲಿ ಸಹಲೇಖಕರೊಡನೆ ಪ್ರಕಟಿಸಿದ ಮತ್ತೊಂದು ಲೇಖನದಲ್ಲಿ, ಕೆಟ್ಟ ಅನುಭವವಾದರೂ ರೋಗಿಗಳು ‘ತೃಪ್ತಿಯಿದೆ’ ಎಂದು ಬರೆಯುವುದೇಕೆ ಎಂಬುದನ್ನು ವಿವರಿಸಿದರು. ಆಗದೆ ಉಳಿದ ಕೆಲಸವನ್ನು ಮಾಡುವುದು ಸಿಬ್ಬಂದಿಯ ಕರ್ತವ್ಯವಾಗಿತ್ತೇ, ಆದ ತಪ್ಪಿಗೆ ಅವರೇ ಹೊಣೆಯೇ ಎಂದು ರೋಗಿ ಮೊದಲು ತನ್ನೊಳಗೇ ತೂಗಿನೋಡುತ್ತಾನೆ. ‘ಪಾಪ, ಅವರಿಗೂ ಕೆಲಸ ಜಾಸ್ತಿ’ ಎನ್ನಿಸಿದರೆ ಕಹಿ ಅನುಭವ ಅಂಕಪಟ್ಟಿಗೆ ಇಳಿಯುವುದೇ ಇಲ್ಲ.

ಮಾನಸಿಕ ರೋಗಿಗಳ ಅಭಿಪ್ರಾಯವನ್ನು ಬಹುಕಾಲ ಗಣನೆಗೆ ತೆಗೆದುಕೊಳ್ಳದೆ ಇದ್ದದ್ದಕ್ಕೆ ಒಂದು ಕಾರಣವಿತ್ತು. ಬುದ್ಧಿ ಸ್ತಿಮಿತದಲ್ಲಿಲ್ಲದವರು ಆರೈಕೆಯ ಬಗ್ಗೆ ಹೇಳುವ ಮಾತನ್ನು ನಂಬುವುದು ಹೇಗೆ ಎಂಬ ಆಕ್ಷೇಪ ಅದು. ಈ ಆಕ್ಷೇಪ ಸರಿಯಲ್ಲ. ತನ್ನ ಆಲೋಚನೆಗಳನ್ನು ಯಾರೋ ಕದಿಯುತ್ತಿದ್ದಾರೆ ಎಂದು ನಂಬಿರುವ ವ್ಯಕ್ತಿಗೂ ನಿನ್ನೆ ರಾತ್ರಿ ತನ್ನನ್ನು ಗದರಿಸಿದವರು ಯಾರು, ನೀರು ಕೇಳಿದಾಗ ತಂದುಕೊಟ್ಟವರು ಯಾರು ಎಂಬುದು ಸ್ಪಷ್ಟವಾಗಿ ತಿಳಿದಿರುತ್ತದೆ. ತೀವ್ರ ಮಾನಸಿಕ ಕಾಯಿಲೆ ಇರುವವರಿಂದಲೂ ಪ್ರಶ್ನಾವಳಿಗಳಿಗೆ ನಂಬಲರ್ಹ ಉತ್ತರ ಪಡೆಯಬಹುದೆಂಬುದು ಇಂದು ಸಂಶೋಧನೆಯಲ್ಲಿ ಒಪ್ಪಿತವಾದ ಸಂಗತಿ.

ಐತಿಹಾಸಿಕ ಹಿನ್ನೆಲೆ

ಮಾನಸಿಕ ಆಸ್ಪತ್ರೆಗಳ ಬಗ್ಗೆ ರೋಗಿಗಳ ದೂರು ಸಮೀಕ್ಷೆಗಳಿಗಿಂತ ಬಹಳ ಹಳೆಯದು. ಬ್ರಿಟನ್ನಿನ ಪ್ರಧಾನಿಯಾಗಿದ್ದ ಸ್ಪೆನ್ಸರ್ ಪರ್ಸಿವಲ್ ಅವರ ಮಗ ಜಾನ್ ಪರ್ಸಿವಲ್ 1830ರ ದಶಕದ ಆರಂಭದಲ್ಲಿ ಎರಡು ಖಾಸಗಿ ಆಶ್ರಯಧಾಮಗಳಲ್ಲಿ ಇರಬೇಕಾಯಿತು. ತನಗೂ ಇಚ್ಛೆ, ಅಭಿಪ್ರಾಯಗಳು ಇವೆಯೆಂಬುದನ್ನೇ ಮರೆತವರಂತೆ ತನ್ನನ್ನು ನಡೆಸಿಕೊಂಡರೆಂದು ಆತ ಪುಸ್ತಕ ಬರೆದರು. 1845ರಲ್ಲಿ, ಹುಚ್ಚರೆಂದು ಹೇಳಿ ಬಂಧನದಲ್ಲಿಟ್ಟವರ ಪರವಾಗಿ ಹೋರಾಡುವ ಸಂಘವೊಂದನ್ನು ಸ್ಥಾಪಿಸುವುದರಲ್ಲಿ ಪಾಲ್ಗೊಂಡರು. ಅಮೆರಿಕದಲ್ಲಿ ಕ್ಲಿಫರ್ಡ್ ಬಿಯರ್ಸ್ ಮಾನಸಿಕ ಆಸ್ಪತ್ರೆಗಳಲ್ಲಿ ತಾನು ಕಂಡ ಹಿಂಸೆಯನ್ನು 1908ರಲ್ಲಿ ಆತ್ಮಕಥೆಯಾಗಿ ಪ್ರಕಟಿಸಿದರು. ಮರುವರ್ಷವೇ ಅಲ್ಲಿ ಮಾನಸಿಕ ಆರೋಗ್ಯಕ್ಕಾಗಿ ರಾಷ್ಟ್ರೀಯ ಸಮಿತಿ ರೂಪುಗೊಂಡಿತು.

1952ರಲ್ಲಿ ಹಿಲ್ಡೆಗಾರ್ಡ್ ಪೆಪ್ಲೋ ಶುಶ್ರೂಷೆಯ ತಿರುಳು ದಾದಿ ಮತ್ತು ರೋಗಿಯ ನಡುವಿನ ಸಂಬಂಧವೇ ಎಂದು ಪ್ರತಿಪಾದಿಸಿದರು. ಮನೋವೈದ್ಯಕೀಯ ಶುಶ್ರೂಷೆಯ ಬೋಧನೆಗೆ ಅವರ ಗ್ರಂಥ ಇಂದಿಗೂ ತಳಹದಿ. 1961ರಲ್ಲಿ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಆಸ್ಪತ್ರೆಯಲ್ಲಿ ನಡೆಸಿದ ಕ್ಷೇತ್ರಕಾರ್ಯದ ಆಧಾರದ ಮೇಲೆ, ದೊಡ್ಡ ಆಸ್ಪತ್ರೆಗಳು ರೋಗಿಯ ಬಟ್ಟೆ, ವೇಳೆ, ಹೆಸರು, ಮಾತು ಎಲ್ಲವನ್ನೂ ಕಸಿದುಕೊಂಡು ಸಿಬ್ಬಂದಿ ಮತ್ತು ರೋಗಿಗಳನ್ನು ಎರಡು ಪಂಗಡಗಳಾಗಿ ಒಡೆಯುವ ಬಗೆಯನ್ನು ವಿವರಿಸಿದರು. 1970ರ ದಶಕದಲ್ಲಿ ಅಮೆರಿಕದ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರಗಳು ತಮ್ಮ ಸೇವೆಯ ಮೌಲ್ಯಮಾಪನ ಮಾಡತೊಡಗಿದಾಗ ತೃಪ್ತಿಯ ಪ್ರಶ್ನಾವಳಿಗಳು ಬಂದವು. ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಯ ಆಡಳಿತವನ್ನು ಕುರಿತ 1983ರ ಗ್ರಿಫಿತ್ಸ್ ವರದಿಯ ನಂತರ ರೋಗಿಗಳ ಅಭಿಪ್ರಾಯ ಕೇಳುವುದು ಆಡಳಿತದ ಹೊಣೆಗಳಲ್ಲಿ ಒಂದಾಯಿತು.

ಅಳೆಯುವ ವಿಧಾನಗಳು

ಹೆಚ್ಚು ಬಳಕೆಯಲ್ಲಿರುವ ಸಾಧನ ಕ್ಯಾಲಿಫೋರ್ನಿಯಾದ ಸಂಶೋಧಕರು 1979ರಲ್ಲಿ ಪ್ರಕಟಿಸಿದ ‘ಕ್ಲೈಂಟ್ ಸ್ಯಾಟಿಸ್‌ಫ್ಯಾಕ್ಷನ್ ಕ್ವೆಶ್ಚನೇರ್’. ಇದರ ಕಿರು ಆವೃತ್ತಿಯಲ್ಲಿ 8 ಪ್ರಶ್ನೆಗಳಿವೆ. ಪ್ರತಿಯೊಂದಕ್ಕೂ 1ರಿಂದ 4 ಅಂಕ. ಹೀಗಾಗಿ ಒಟ್ಟು ಅಂಕ 8ರಿಂದ 32ರ ನಡುವೆ ಬೀಳುತ್ತದೆ. ಬೇಗ ತುಂಬಿಸಬಹುದು, ಅನೇಕ ಭಾಷೆಗಳಲ್ಲಿ ಲಭ್ಯವಿದೆ. ಆದರೆ ಎಲ್ಲಿ ಕೊರತೆಯಾಯಿತು ಎಂಬುದು ಒಟ್ಟು ಅಂಕದಿಂದ ತಿಳಿಯುವುದಿಲ್ಲ.

ಇಟಲಿಯ ವೆರೋನಾದಲ್ಲಿ ಮಿರೆಲ್ಲಾ ರುಜ್ಜೇರಿ ಮತ್ತು ಸಂಗಡಿಗರು ರೂಪಿಸಿದ ‘ವೆರೋನಾ ಸರ್ವಿಸ್ ಸ್ಯಾಟಿಸ್‌ಫ್ಯಾಕ್ಷನ್ ಸ್ಕೇಲ್’ ಈ ಕೊರತೆಯನ್ನು ನೀಗಿಸಲು ಹುಟ್ಟಿದ್ದು. ಇದರ ಒಂದು ಆವೃತ್ತಿಯಲ್ಲಿ 54 ಪ್ರಶ್ನೆಗಳಿವೆ. ಸಿಬ್ಬಂದಿಯ ಕೌಶಲ ಮತ್ತು ನಡವಳಿಕೆ, ಮಾಹಿತಿ, ಸೇವೆಯ ಲಭ್ಯತೆ, ಚಿಕಿತ್ಸೆಯ ಪರಿಣಾಮ, ಕುಟುಂಬದವರನ್ನು ತೊಡಗಿಸಿಕೊಂಡ ರೀತಿ ಇವನ್ನೆಲ್ಲ ಬೇರೆಬೇರೆಯಾಗಿ ಕೇಳುತ್ತದೆ. ಆಮ್‌ಸ್ಟರ್‌ಡ್ಯಾಂ, ಕೋಪನ್‌ಹೇಗನ್, ಲಂಡನ್, ಸಾಂತಾಂದೇರ್, ವೆರೋನಾ ಈ ಐದು ನಗರಗಳ ಸ್ಕಿಜೋಫ್ರೀನಿಯಾ ರೋಗಿಗಳ ಮೇಲೆ ನಡೆದ ಯುರೋಪಿನ ಅಧ್ಯಯನದಲ್ಲಿ ಇದನ್ನು ಬಳಸಲಾಯಿತು.

ಮೂರನೆಯ ಬಗೆಯ ಸಾಧನಗಳನ್ನು ರೋಗಿಗಳೇ ರೂಪಿಸಿದ್ದಾರೆ. ತಾನೇ ಮಾನಸಿಕ ಆರೋಗ್ಯ ಸೇವೆಗಳನ್ನು ಬಳಸಿದ ಸಂಶೋಧಕಿ ಡಯಾನಾ ರೋಸ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ ಈ ಮಾರ್ಗವನ್ನು ಬೆಳೆಸಿದರು. ಯಾವ ಪ್ರಶ್ನೆ ಕೇಳಬೇಕು ಎಂಬುದನ್ನು ಆಸ್ಪತ್ರೆಯಲ್ಲಿ ಇದ್ದು ಬಂದವರು ಕೂತು ಚರ್ಚಿಸಿ ನಿರ್ಧರಿಸುತ್ತಾರೆ. ವಾರ್ಡಿನ ಆರೈಕೆಯನ್ನು ಅಳೆಯುವ 19 ಪ್ರಶ್ನೆಗಳ ‘ವಾಯ್ಸ್’ ಪ್ರಶ್ನಾವಳಿ ಹೀಗೆ ಸಿದ್ಧವಾದದ್ದು.

ಪ್ರಶ್ನೆ ಏನೆಂಬುದರಷ್ಟೇ ಮುಖ್ಯ ಅದನ್ನು ಕೇಳುವವರು ಯಾರೆಂಬುದು. ಡಿಸ್ಚಾರ್ಜ್ ಆಗುವ ಹೊತ್ತಿನಲ್ಲಿ ವಾರ್ಡಿನ ಸಿಸ್ಟರ್ ಕೈಗೆ ಹಾಳೆ ಕೊಟ್ಟು ಎದುರಿಗೇ ನಿಂತರೆ, ಮುಂದಿನ ತಿಂಗಳು ಅದೇ ಆಸ್ಪತ್ರೆಗೆ ಬರಬೇಕಾದವರು ‘ಎಲ್ಲ ಚೆನ್ನಾಗಿತ್ತು’ ಎಂದೇ ಬರೆಯುತ್ತಾರೆ. ಸೇವೆ ಬಳಸಿದವರೇ ಸಂದರ್ಶನ ನಡೆಸಿದಾಗ ರೋಗಿಗಳು ಹೆಚ್ಚು ಅತೃಪ್ತಿ ವ್ಯಕ್ತಪಡಿಸುತ್ತಾರೆ ಎಂದು 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಸಮೀಕ್ಷಾ ಲೇಖನ ಗುರುತಿಸಿತು. ತಮ್ಮಂತೆಯೇ ಆ ವಾರ್ಡಿನಲ್ಲಿ ಮಲಗಿ ಎದ್ದವರ ಮುಂದೆ ಜನ ಮನಸ್ಸು ಬಿಚ್ಚುತ್ತಾರೆ.

ತೃಪ್ತಿಯನ್ನು ನಿರ್ಧರಿಸುವ ಅಂಶಗಳು

ವಯಸ್ಸಾದವರು ಕಿರಿಯರಿಗಿಂತ ಹೆಚ್ಚು ತೃಪ್ತಿ ಸೂಚಿಸುವುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ತಾವಾಗಿಯೇ ದಾಖಲಾದವರಿಗೆ ಹೋಲಿಸಿದರೆ ಇಚ್ಛೆಗೆ ವಿರುದ್ಧವಾಗಿ ದಾಖಲಾದವರಲ್ಲಿ ತೃಪ್ತಿ ಕಡಿಮೆ. ಕಾಯಿಲೆಯ ಲಕ್ಷಣಗಳು ತಗ್ಗಿದಂತೆ ತೃಪ್ತಿ ಏರುವುದೂ ಸಹಜ. ಇವೆಲ್ಲ ರೋಗಿಯ ಕಡೆಯ ಅಂಶಗಳು.

ಆಸ್ಪತ್ರೆಯ ಕಡೆಯಿಂದ ನೋಡಿದರೆ ಸಂಬಂಧ ಮತ್ತು ಸಂವಹನ ಮುಂಚೂಣಿಗೆ ಬರುತ್ತವೆ. 2008ರಲ್ಲಿ ಹೆಲೆನ್ ಗಿಲ್ಬರ್ಟ್, ಡಯಾನಾ ರೋಸ್ ಮತ್ತು ಮೈಕ್ ಸ್ಲೇಡ್, ಲಂಡನ್ನಿನ ಆಸ್ಪತ್ರೆಗಳಲ್ಲಿ ಇದ್ದು ಬಂದವರನ್ನು ಕೇಳಿ ಪ್ರಕಟಿಸಿದ ಅಧ್ಯಯನದಲ್ಲಿ ಅನುಭವದ ಕೇಂದ್ರದಲ್ಲಿದ್ದದ್ದು ಸಿಬ್ಬಂದಿಯೊಡನೆ ಇದ್ದ ಸಂಬಂಧ. ಒಳ್ಳೆಯ ಸಂಬಂಧದ ಲಕ್ಷಣಗಳಾಗಿ ರೋಗಿಗಳು ಹೇಳಿದ್ದು ಸಂವಹನ, ಸುರಕ್ಷಿತ ಭಾವನೆ, ನಂಬಿಕೆ, ಬಲವಂತ ಇಲ್ಲದಿರುವುದು ಮತ್ತು ತಮ್ಮ ಸಂಸ್ಕೃತಿಯ ಅರಿವು. ಊಟ, ಶೌಚಾಲಯ, ಹಾಸಿಗೆ, ಕಾಯುವ ಸಮಯ ಇವೂ ಮುಖ್ಯವೇ. ಆದರೆ ಶೌಚಾಲಯ ಕೊಳಕಾಗಿದೆ ಎಂದು ಹೇಳಿದಾಗ ಯಾರೂ ಕಿವಿಗೊಡದೆ ಹೋದದ್ದು ಇನ್ನೂ ಹೆಚ್ಚು ನೋಯಿಸುತ್ತದೆ.

ಮನಃಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಚಿಕಿತ್ಸಕ ಬಾಂಧವ್ಯದ ಮೂರು ಎಳೆಗಳನ್ನು ಗುರುತಿಸಿದರು. ಗುರಿಯ ಬಗ್ಗೆ ಒಮ್ಮತ, ಅದನ್ನು ತಲುಪಲು ಮಾಡಬೇಕಾದ ಕೆಲಸದ ಬಗ್ಗೆ ಒಮ್ಮತ, ಪರಸ್ಪರ ವಿಶ್ವಾಸ ಇವೇ ಆ ಎಳೆಗಳು. ಹಲವು ವೇಳೆ ತೊಡಕು ಮೊದಲ ಎಳೆಯಲ್ಲೇ ಇರುತ್ತದೆ. ಕಿವಿಯಲ್ಲಿ ಕೇಳುವ ಧ್ವನಿ ನಿಲ್ಲಬೇಕೆಂಬುದು ವೈದ್ಯರ ಗುರಿ. ಮತ್ತೆ ಕೆಲಸಕ್ಕೆ ಹೋಗಬೇಕು, ಮದುವೆಯಾಗಬೇಕು, ಬೆಳಿಗ್ಗೆ ತೂಕಡಿಸದೆ ಏಳಬೇಕು ಎಂಬುದು ರೋಗಿಯ ಗುರಿ. ಇಬ್ಬರೂ ಕೂತು ಮಾತಾಡದಿದ್ದರೆ ಧ್ವನಿ ನಿಂತಾಗ ವೈದ್ಯರಿಗೆ ಸಮಾಧಾನವಾಗುತ್ತದೆ, ರೋಗಿಗೆ ಏನೂ ಸಿಕ್ಕಿರುವುದಿಲ್ಲ.

ವೈದ್ಯರ ಕೋಣೆಯಲ್ಲಿ

ರೋಗಿ ಮತ್ತು ಮನೋವೈದ್ಯರ ಮಾತುಕತೆಯನ್ನು ಸೂಕ್ಷ್ಮವಾಗಿ ಪರಿಶೀಲಿಸಿದ ಒಂದು ಮುಖ್ಯ ಅಧ್ಯಯನ 2002ರಲ್ಲಿ ಬಂತು. ರೋಸ್‌ಮರಿ ಮ್ಯಾಕ್‌ಕೇಬ್, ಕ್ರಿಶ್ಚಿಯನ್ ಹೀತ್, ಟಾಮ್ ಬರ್ನ್ಸ್ ಮತ್ತು ಸ್ಟೆಫನ್ ಪ್ರೀಬೆ 32 ಭೇಟಿಗಳನ್ನು ಚಿತ್ರೀಕರಿಸಿಕೊಂಡು, ಪ್ರತಿ ಮಾತನ್ನೂ ವಿರಾಮವನ್ನೂ ಬರೆದುಕೊಂಡು ವಿಶ್ಲೇಷಿಸಿದರು. ರೋಗಿಗಳೆಲ್ಲ ಸ್ಕಿಜೋಫ್ರೀನಿಯಾ ಅಥವಾ ಅದಕ್ಕೆ ಹತ್ತಿರದ ಕಾಯಿಲೆ ಇದ್ದವರು. ತಮಗೆ ಕೇಳಿಸುವ ಧ್ವನಿ, ತಮ್ಮನ್ನು ಕಾಡುವ ನಂಬಿಕೆಗಳ ಬಗ್ಗೆ ಮಾತನಾಡಲು ಅವರು ಮತ್ತೆ ಮತ್ತೆ ಯತ್ನಿಸಿದರು, ನೇರ ಪ್ರಶ್ನೆಗಳನ್ನೂ ಕೇಳಿದರು. ವೈದ್ಯರು ತಡವರಿಸಿದರು, ಉತ್ತರಿಸುವ ಬದಲು ಇನ್ನೊಂದು ಪ್ರಶ್ನೆ ಕೇಳಿದರು, ಮನೆಯವರು ಜೊತೆಗಿದ್ದಾಗ ಮುಗುಳ್ನಕ್ಕರು ಅಥವಾ ನಕ್ಕುಬಿಟ್ಟರು. ರೋಗಿಗೆ ಜೀವನ್ಮರಣದ ವಿಷಯವಾದದ್ದು ವೈದ್ಯರಿಗೆ ಮುಜುಗರ ತಂದಿತ್ತು.

ಕಾಯಿಲೆಯ ಲಕ್ಷಣದ ಬಗ್ಗೆ ಮಾತನಾಡಿದರೆ ಅದಕ್ಕೆ ನೀರೆರೆದಂತಾಗುತ್ತದೆ ಎಂಬ ಹಳೆಯ ಭಯ ಈ ಹಿಂಜರಿಕೆಗೆ ಒಂದು ಕಾರಣ. ಆದರೆ ರೋಗಿಯ ನಂಬಿಕೆಯನ್ನು ಒಪ್ಪುವುದು ಬೇರೆ, ಅದರಿಂದ ಅವರಿಗಾಗುತ್ತಿರುವ ಸಂಕಟವನ್ನು ಒಪ್ಪಿಕೊಳ್ಳುವುದು ಬೇರೆ. ‘ನನಗೆ ಆ ಧ್ವನಿ ಕೇಳಿಸುತ್ತಿಲ್ಲ, ಆದರೆ ನಿಮಗೆ ಕೇಳಿಸುತ್ತಿದೆ, ನೀವು ಹೆದರಿದ್ದೀರಿ ಎಂಬುದು ನನಗೆ ಗೊತ್ತಾಗುತ್ತಿದೆ’ ಎನ್ನುವ ವೈದ್ಯರು ಸುಳ್ಳನ್ನೂ ಹೇಳಿರುವುದಿಲ್ಲ, ರೋಗಿಯನ್ನೂ ಕೈಬಿಟ್ಟಿರುವುದಿಲ್ಲ.

ಔಷಧದ ಬಗೆಗಿನ ಮಾತುಕತೆ ಸಂವಹನದ ಅಗ್ನಿಪರೀಕ್ಷೆ. ಕೈನಡುಕ, ಬಾಯಲ್ಲಿ ಜೊಲ್ಲು, ಹಗಲು ಮಂಪರು, ತೂಕ ಏರುವುದು, ಮುಟ್ಟಿನ ಏರುಪೇರು, ಲೈಂಗಿಕ ಆಸಕ್ತಿ ಕುಗ್ಗುವುದು ಇವು ಮನೋರೋಗದ ಹಲವು ಔಷಧಗಳ ಪರಿಚಿತ ಅಡ್ಡಪರಿಣಾಮಗಳು. ಕೊನೆಯ ಎರಡನ್ನು ರೋಗಿಗಳು ತಾವಾಗಿ ಹೇಳುವುದು ಅಪರೂಪ, ವೈದ್ಯರು ಕೇಳುವುದೂ ಅಪರೂಪ. ಹೇಳಲಾಗದೆ ಇದ್ದ ತೊಂದರೆ ಮಾತ್ರೆ ಬಿಡುವುದರಲ್ಲಿ ಕೊನೆಯಾಗುತ್ತದೆ. ಆಮೇಲೆ ಕೇಸ್ ಶೀಟಿನಲ್ಲಿ ‘ಔಷಧ ಸರಿಯಾಗಿ ಸೇವಿಸಿಲ್ಲ’ ಎಂಬ ಸಾಲು ಸೇರುತ್ತದೆ. ಆ ಸಾಲಿನ ಹಿಂದೆ ಯಾರೂ ಕೇಳದೆ ಉಳಿದ ಒಂದು ಪ್ರಶ್ನೆ ಇರುತ್ತದೆ.

ವಾರ್ಡಿನಲ್ಲಿ

ದಾಖಲಾದ ರೋಗಿಯನ್ನು ವೈದ್ಯರು ನೋಡುವುದು ರೌಂಡ್ಸ್ ಹೊತ್ತಿನಲ್ಲಿ ಕೆಲವು ನಿಮಿಷ. ದಿನದ ಉಳಿದ ವೇಳೆ ಕಳೆಯುವುದು ದಾದಿಯರು, ಅಟೆಂಡರುಗಳು, ಆಯಾಗಳು, ಕಾವಲುಗಾರರ ನಡುವೆ. ರೋಗಿಯ ನೆನಪಿನಲ್ಲಿ ಆಸ್ಪತ್ರೆಯೆಂದರೆ ಬಹುಮಟ್ಟಿಗೆ ಇವರೇ. ಮಾತಿನ ತರಬೇತಿ ಅತಿ ಕಡಿಮೆ ಸಿಗುವುದೂ ಇವರಲ್ಲಿ ಅನೇಕರಿಗೆ.

ಬ್ರಿಟನ್ನಿನಲ್ಲಿ ಲೆನ್ ಬೋವರ್ಸ್ ಮತ್ತು ಸಂಗಡಿಗರು ವಾರ್ಡಿನ ಜಗಳ, ಹಲ್ಲೆ, ಓಡಿಹೋಗುವ ಯತ್ನಗಳು ಎಲ್ಲಿ ಹುಟ್ಟುತ್ತವೆ ಎಂದು ವರ್ಷಗಳ ಕಾಲ ಅಧ್ಯಯನ ಮಾಡಿ ‘ಸೇಫ್‌ವಾರ್ಡ್ಸ್’ ಎಂಬ ಮಾದರಿಯನ್ನು ರೂಪಿಸಿದರು. ಇದರಲ್ಲಿ ಹತ್ತು ಸರಳ ಕ್ರಮಗಳಿವೆ. ಇಲ್ಲ ಎನ್ನಬೇಕಾದಾಗ ಮೃದುವಾಗಿ, ಕಾರಣ ಕೊಟ್ಟು ಹೇಳುವುದು. ಡ್ಯೂಟಿ ಬದಲಾಗುವಾಗ ಪ್ರತಿ ರೋಗಿಯ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಮುಂದಿನವರಿಗೆ ದಾಟಿಸುವುದು. ಕೆಟ್ಟ ಸುದ್ದಿ ತಿಳಿಸುವ ಮೊದಲು ಅದರ ಪರಿಣಾಮವನ್ನು ಯೋಚಿಸುವುದು. ಸಿಬ್ಬಂದಿ ಮತ್ತು ರೋಗಿಗಳು ತಮ್ಮ ಇಷ್ಟಾನಿಷ್ಟಗಳನ್ನು ಪರಸ್ಪರ ತಿಳಿದುಕೊಳ್ಳುವುದು. ಗಲಾಟೆಯಾದ ಮೇಲೆ ಹೆದರಿದ ಇತರ ರೋಗಿಗಳ ಬಳಿ ಹೋಗಿ ಧೈರ್ಯ ಹೇಳುವುದು. ಡಿಸ್ಚಾರ್ಜ್ ಆಗುವವರು ಮುಂದೆ ಬರುವವರಿಗಾಗಿ ಭರವಸೆಯ ಮಾತು ಬರೆದಿಡುವುದು ಅವುಗಳಲ್ಲಿ ಕೆಲವು. ಇಂಗ್ಲೆಂಡಿನ 31 ವಾರ್ಡುಗಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಈ ಕ್ರಮಗಳನ್ನು ಅಳವಡಿಸಿದ ವಾರ್ಡುಗಳಲ್ಲಿ ಸಂಘರ್ಷದ ಘಟನೆಗಳು ಶೇ. 15ರಷ್ಟು, ಹಿಡಿದಿಡುವುದು, ಒತ್ತಾಯದ ಚುಚ್ಚುಮದ್ದು ಮುಂತಾದ ಹತೋಟಿ ಕ್ರಮಗಳು ಶೇ. 26ರಷ್ಟು ಇಳಿದವು. ಒಳ್ಳೆಯ ಮಾತು ಸಿಬ್ಬಂದಿಯ ಸುರಕ್ಷತೆಗೂ ಬೇಕಾದದ್ದು ಎಂಬುದಕ್ಕೆ ಇದು ಸಾಕ್ಷಿ.

ಒತ್ತಾಯದ ದಾಖಲಾತಿ

ಇಚ್ಛೆಗೆ ವಿರುದ್ಧವಾಗಿ ದಾಖಲಿಸಬೇಕಾದ ಸಂದರ್ಭ ಮನೋವೈದ್ಯಕೀಯದಲ್ಲಿ ಬರುತ್ತದೆ. ಅಂಥ ರೋಗಿಯ ತೃಪ್ತಿಯನ್ನು ಕೇಳುವುದರಲ್ಲಿ ಅರ್ಥವಿದೆಯೇ ಎಂಬ ಪ್ರಶ್ನೆಗೆ ಸಂಶೋಧನೆ ಕೊಟ್ಟ ಉತ್ತರ ಹೌದು ಎಂದೇ. ಅಮೆರಿಕದ ಮ್ಯಾಕ್‌ಆರ್ಥರ್ ಅಧ್ಯಯನ ಬಲವಂತದ ಅನುಭವವನ್ನು ಅಳೆಯುವ ಮಾಪನವನ್ನು 1993ರಲ್ಲಿ ಪ್ರಕಟಿಸಿತು. ಕಾನೂನಿನ ಪ್ರಕಾರ ದಾಖಲಾತಿ ಯಾವ ಬಗೆಯದ್ದೇ ಇರಲಿ, ತನ್ನ ಮಾತನ್ನು ಹೇಳಿಕೊಳ್ಳಲು ಅವಕಾಶ ಸಿಕ್ಕಿತು, ತನ್ನೊಡನೆ ನ್ಯಾಯವಾಗಿ, ಗೌರವದಿಂದ ನಡೆದುಕೊಂಡರು ಎನ್ನಿಸಿದವರು ಕಡಿಮೆ ಬಲವಂತವನ್ನು ಅನುಭವಿಸುತ್ತಾರೆ ಎಂದು ಆ ಸಂಶೋಧಕರು ಕಂಡುಕೊಂಡರು.

ಸ್ಟೆಫನ್ ಪ್ರೀಬೆ ಮತ್ತು ಸಂಗಡಿಗರು ಇಂಗ್ಲೆಂಡಿನ 22 ಆಸ್ಪತ್ರೆಗಳಲ್ಲಿ ಒತ್ತಾಯದಿಂದ ದಾಖಲಾದವರನ್ನು ಒಂದು ವರ್ಷ ಹಿಂಬಾಲಿಸಿ 2009ರಲ್ಲಿ ವರದಿ ಮಾಡಿದರು. ವರ್ಷದ ಕೊನೆಗೆ ಶೇ. 40ರಷ್ಟು ಮಂದಿ ತಮ್ಮನ್ನು ದಾಖಲಿಸಿದ್ದು ಸರಿಯಾಗಿತ್ತು ಎಂದರು. ಶೇ. 15ರಷ್ಟು ಮಂದಿ ಅಷ್ಟರಲ್ಲಿ ಮತ್ತೊಮ್ಮೆ ಒತ್ತಾಯದಿಂದ ದಾಖಲಾಗಿದ್ದರು. ಮೊದಲ ವಾರದಲ್ಲಿ ಚಿಕಿತ್ಸೆಯ ಬಗ್ಗೆ ಕಡಿಮೆ ತೃಪ್ತಿ ತೋರಿದವರಲ್ಲಿ ಹೀಗೆ ಮರುದಾಖಲಾಗುವ ಪ್ರಮಾಣ ಹೆಚ್ಚಿತ್ತು. ಆರಂಭದ ದಿನಗಳ ಅನುಭವ ಮುಂದಿನ ವರ್ಷದ ಮುನ್ಸೂಚನೆ ಕೊಡುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಭಾರತ ಮತ್ತು ಕರ್ನಾಟಕದಲ್ಲಿ

ಭಾರತದಲ್ಲಿ ಮನೋವೈದ್ಯಕೀಯ ಸಂವಹನ ಇಬ್ಬರ ನಡುವೆ ನಡೆಯುವುದು ಕಡಿಮೆ. ಮೂರನೆಯವರಾಗಿ ಮನೆಯವರು ಇದ್ದೇ ಇರುತ್ತಾರೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಜೊತೆ ಕುಟುಂಬದವರನ್ನೂ ಇರಿಸಿಕೊಂಡರು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು, ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಕೂಡ ಕುಟುಂಬವನ್ನು ಚಿಕಿತ್ಸೆಯಲ್ಲಿ ಸೇರಿಸಿಕೊಳ್ಳುವ ಪದ್ಧತಿಯನ್ನು ಬೆಳೆಸಿದವು. ಮನೆಯವರು ಜೊತೆಗಿದ್ದರೆ ರೋಗಿ ಆಸ್ಪತ್ರೆಯಲ್ಲಿ ಅನಾಥನಾಗುವುದಿಲ್ಲ. ಇದು ಭಾರತೀಯ ಮನೋವೈದ್ಯಕೀಯದ ದೊಡ್ಡ ಕೊಡುಗೆ.

ಇದರ ಇನ್ನೊಂದು ಮುಖ ಕಿಕ್ಕಿರಿದ ಓಪಿಡಿಯಲ್ಲಿ ಕಾಣುತ್ತದೆ. ‘ಮಾತ್ರೆ ಸರಿಯಾಗಿ ತಗೋತಾನೇನಮ್ಮ? ರಾತ್ರಿ ನಿದ್ದೆ ಮಾಡ್ತಾನಾ?’ ಎಂದು ವೈದ್ಯರು ರೋಗಿಯ ತಾಯಿಯನ್ನು ಕೇಳುತ್ತಾರೆ. ‘ಈಗ ಪರವಾಗಿಲ್ಲ ಸಾರ್, ಸಿಟ್ಟು ಕಡಿಮೆ ಆಗೈತೆ’ ಎನ್ನುತ್ತಾರೆ ತಾಯಿ. ‘ಸರಿ, ಅದೇ ಮಾತ್ರೆ ಮುಂದುವರಿಸಿ, ತಿಂಗಳು ಬಿಟ್ಟು ಬನ್ನಿ’ ಎಂದು ಚೀಟಿ ಬರೆದುಕೊಡುವ ಹೊತ್ತಿಗೆ ಹೊರಗೆ ಮುಂದಿನ ನಂಬರು ಕೂಗಿಯಾಗಿರುತ್ತದೆ. ಪಕ್ಕದ ಸ್ಟೂಲಿನ ಮೇಲೆ ಕೂತ ಮಗ ಒಂದು ಮಾತೂ ಆಡಿರುವುದಿಲ್ಲ. ತಾಯಿಯನ್ನು ಎರಡು ನಿಮಿಷ ಹೊರಗೆ ಕೂರಲು ಹೇಳಿ ‘ನಿಮಗೆ ಹೇಗನ್ನಿಸ್ತಿದೆ? ಈ ಮಾತ್ರೆಯಿಂದ ಏನಾದರೂ ತೊಂದರೆ ಇದೆಯಾ?’ ಎಂದು ಅವನನ್ನೇ ಕೇಳಿದರೆ ಬರುವ ಉತ್ತರ ಬೇರೆಯೇ ಆಗಿರಬಹುದು. ರೋಗಿಗೆ ಗೊತ್ತಾಗದಂತೆ ಊಟದಲ್ಲೋ ಕಾಫಿಯಲ್ಲೋ ಮಾತ್ರೆ ಬೆರೆಸಿ ಕೊಡುವ ರೂಢಿಯೂ ದೇಶದಲ್ಲಿದೆ. ಮನೆಯವರ ಅಸಹಾಯಕತೆಯಿಂದ ಹುಟ್ಟಿದ ಈ ಉಪಾಯ ಬಯಲಾದ ದಿನ ಮನೆಯ ಅನ್ನದ ಮೇಲೂ ವೈದ್ಯರ ಮೇಲೂ ಒಟ್ಟಿಗೇ ನಂಬಿಕೆ ಹೋಗುತ್ತದೆ.

ಸಮಯದ ಅಭಾವಕ್ಕೆ ಮೂಲ ಸಿಬ್ಬಂದಿಯ ಅಭಾವ. ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಸಿಗುವುದಿಲ್ಲ. ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಮಾನಸಿಕ ಅಸ್ವಸ್ಥತೆ ಇತ್ತು. ಕಾಯಿಲೆಯ ಬಗೆಗೆ ತಕ್ಕಂತೆ ಅವರಲ್ಲಿ ಶೇ. 70ರಿಂದ 92ರಷ್ಟು ಮಂದಿ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದರು. ಚಿಕಿತ್ಸೆ ಸಿಕ್ಕಿತಲ್ಲ ಎಂಬ ಕೃತಜ್ಞತೆಯೇ ಹೆಚ್ಚಾಗಿರುವ ಕಡೆ ತೃಪ್ತಿಯ ಅಂಕಗಳು ಮೇಲೇರುವುದರಲ್ಲಿ ಆಶ್ಚರ್ಯವಿಲ್ಲ.

ಕರ್ನಾಟಕದಲ್ಲಿ ಸಂವಹನದ ಪ್ರಶ್ನೆಗೆ ಭಾಷೆಯೂ ಸೇರಿಕೊಂಡಿದೆ. ನಿಮ್ಹಾನ್ಸ್‌ಗೆ ಕನ್ನಡ, ತೆಲುಗು, ತಮಿಳು, ಉರ್ದು, ಹಿಂದಿ, ಬಂಗಾಳಿ ಆಡುವವರು ಬರುತ್ತಾರೆ. ಬೇರೆ ರಾಜ್ಯದಿಂದ ಓದಲು ಬಂದ ಕಿರಿಯ ವೈದ್ಯರು ಕನ್ನಡವನ್ನು ಓಪಿಡಿಯಲ್ಲೇ ಕಲಿಯಬೇಕಾಗುತ್ತದೆ. ‘ನಿದ್ದೆ ಹತ್ತಲ್ಲ’, ‘ತಲೆ ಬಿಸಿ’, ‘ಕೈಕಾಲು ಸೋಲು ಬರ್ತದೆ’, ‘ಎದೆ ಡವಡವ ಅಂತದೆ’, ‘ಯಾವುದರ ಮ್ಯಾಲೂ ಮನಸ್ಸಿಲ್ಲ’ ಎಂದು ಹೇಳುವವರ ಖಿನ್ನತೆ, ಆತಂಕಗಳನ್ನು ಗುರುತಿಸಲು ಆ ಮಾತುಗಳೊಳಗೇ ಇಳಿಯಬೇಕು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ತಮ್ಮ ಅನೇಕ ಪುಸ್ತಕ ಮತ್ತು ಲೇಖನಗಳಿಂದ ಮಾನಸಿಕ ಕಾಯಿಲೆಗಳನ್ನು ಸರಳ ಕನ್ನಡದಲ್ಲಿ ಜನರಿಗೆ ತಿಳಿಸಿದರು. ರೋಗಿ ಮತ್ತು ಕುಟುಂಬದವರು ವೈದ್ಯರ ಮುಂದೆ ಪ್ರಶ್ನೆ ಕೇಳುವ ಧೈರ್ಯ ಪಡೆಯುವುದಕ್ಕೆ ಇಂಥ ಬರಹಗಳು ನೆರವಾಗಿವೆ.

1985ರಿಂದ 1990ರವರೆಗೆ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಊರಿನ ಹತ್ತಿರವೇ ಚಿಕಿತ್ಸೆ ದೊರಕಿಸಿದ್ದು ಅದರ ವೈಶಿಷ್ಟ್ಯ. ತೀರ್ಥಹಳ್ಳಿ ಮತ್ತು ತುರುವೇಕೆರೆ ತಾಲ್ಲೂಕುಗಳಲ್ಲಿ ನಿಮ್ಹಾನ್ಸ್ ತಂಡಗಳು ತೀವ್ರ ಮಾನಸಿಕ ಕಾಯಿಲೆಯವರನ್ನು ಸಮುದಾಯದಲ್ಲೇ ನೋಡಿಕೊಳ್ಳುವ ಕೆಲಸ ಮಾಡಿವೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416 ಸಂಖ್ಯೆಯಲ್ಲಿ ಕನ್ನಡದಲ್ಲೂ ಲಭ್ಯವಿದೆ.

ಕಾನೂನಿನ ಚೌಕಟ್ಟು

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕಾಗಿ ನಿಮ್ಹಾನ್ಸ್ ತಜ್ಞರು ದೇಶದ 37 ಮಾನಸಿಕ ಆಸ್ಪತ್ರೆಗಳನ್ನು ಪರಿಶೀಲಿಸಿದ ವರದಿ 1999ರಲ್ಲಿ ಪ್ರಕಟವಾಯಿತು. ಅನೇಕ ಆಸ್ಪತ್ರೆಗಳು ಇನ್ನೂ ಸೆರೆಮನೆಯನ್ನು ಹೋಲುತ್ತಿದ್ದುದನ್ನು ಅದು ದಾಖಲಿಸಿತು. ಆಸ್ಪತ್ರೆಗಳ ಹೊರಗೂ ಸ್ಥಿತಿ ಉತ್ತಮವಾಗಿರಲಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಸುಪಾಸಿನ ಖಾಸಗಿ ಶೆಡ್ಡೊಂದರಲ್ಲಿ ಸರಪಳಿ ಬಿಗಿದಿದ್ದ ರೋಗಿಗಳು ಬೆಂಕಿಗೆ ಸಿಕ್ಕಿ ಸತ್ತರು. ಸತ್ತವರು 28 ಮಂದಿ.

ಭಾರತ 2007ರಲ್ಲಿ ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಅನುಮೋದಿಸಿತು. ಅದಕ್ಕೆ ಅನುಗುಣವಾಗಿ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಮರುವರ್ಷ ಮೇ 29ರಿಂದ ಜಾರಿಗೆ ಬಂತು. ರೋಗಿಯ ತೃಪ್ತಿಯನ್ನು ದಯೆಯ ಮಾತಿನಿಂದ ಹಕ್ಕಿನ ಮಾತಿಗೆ ತಂದದ್ದು ಈ ಕಾಯ್ದೆ. ಕಾಯಿಲೆಯ ಸ್ವರೂಪ, ಚಿಕಿತ್ಸೆಯ ಯೋಜನೆ, ಅದರ ಅಡ್ಡಪರಿಣಾಮಗಳನ್ನು ತನಗೆ ಅರ್ಥವಾಗುವ ಭಾಷೆ ಮತ್ತು ರೂಪದಲ್ಲಿ ತಿಳಿಯುವ ಹಕ್ಕನ್ನು 22ನೇ ಕಲಂ ಕೊಡುತ್ತದೆ. ಗೌಪ್ಯತೆ, ತನ್ನ ವೈದ್ಯಕೀಯ ದಾಖಲೆ ಪಡೆಯುವುದು, ಭೇಟಿಗೆ ಬರುವವರನ್ನು ಮತ್ತು ಫೋನ್ ಕರೆಗಳನ್ನು ಸ್ವೀಕರಿಸುವುದು ಅಥವಾ ನಿರಾಕರಿಸುವುದು, ಸೇವೆಯ ಕೊರತೆಯ ಬಗ್ಗೆ ದೂರು ಕೊಡುವುದು ಇವೂ ಹಕ್ಕುಗಳಾದವು. ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ಸಮವಸ್ತ್ರ ತೊಡಿಸುವಂತಿಲ್ಲ. ಸರಪಳಿ ಮತ್ತು ಏಕಾಂತ ಬಂಧನಕ್ಕೆ ನಿಷೇಧವಿದೆ. ಸಿಬ್ಬಂದಿ ಸಾಲದೆಂಬ ಕಾರಣಕ್ಕೆ ರೋಗಿಯನ್ನು ಕಟ್ಟಿಹಾಕುವಂತಿಲ್ಲ. ಮುಂದೆ ಕಾಯಿಲೆ ಉಲ್ಬಣಿಸಿದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಮುಂಗಡ ನಿರ್ದೇಶನಕ್ಕೂ ಅವಕಾಶವಿದೆ.

ಸುಧಾರಣೆಯ ಪ್ರಯತ್ನಗಳು

ತೃಪ್ತಿಯನ್ನು ಅಳೆಯುವುದನ್ನೇ ಚಿಕಿತ್ಸೆಯ ಮಾತುಕತೆಯಾಗಿ ಮಾರ್ಪಡಿಸಿದ ಪದ್ಧತಿ ‘ಡಯಲಾಗ್’. ಪ್ರೀಬೆ ಮತ್ತು ಸಂಗಡಿಗರು ರೂಪಿಸಿದ ಇದರಲ್ಲಿ 11 ಪ್ರಶ್ನೆಗಳಿವೆ. ಮಾನಸಿಕ ಆರೋಗ್ಯ, ದೈಹಿಕ ಆರೋಗ್ಯ, ಕೆಲಸ, ವಾಸ, ಬಿಡುವಿನ ವೇಳೆ, ಕುಟುಂಬ, ಸ್ನೇಹ, ಸುರಕ್ಷತೆ ಎಂಬ ಎಂಟು ಜೀವನಕ್ಕೆ ಸಂಬಂಧಿಸಿವೆ. ಔಷಧ, ದೈನಂದಿನ ನೆರವು, ಸಿಬ್ಬಂದಿಯೊಡನೆ ಭೇಟಿ ಎಂಬ ಮೂರು ಚಿಕಿತ್ಸೆಗೆ ಸಂಬಂಧಿಸಿವೆ. ರೋಗಿ ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ ಕೊಟ್ಟು, ಯಾವ ವಿಷಯದಲ್ಲಿ ಹೆಚ್ಚಿನ ಸಹಾಯ ಬೇಕೆಂದು ತಾನೇ ಆರಿಸುತ್ತಾನೆ. ‘ಕೆಲಸಕ್ಕೆ 2 ಕೊಟ್ಟಿದ್ದೀರಿ, 1 ಯಾಕೆ ಕೊಡಲಿಲ್ಲ?’ ಎಂದು ಕೇಳಿದಾಗ ಕೆಟ್ಟದ್ದರ ನಡುವೆಯೂ ಉಳಿದಿರುವ ಒಳ್ಳೆಯದು ಮಾತಿಗೆ ಬರುತ್ತದೆ. ಆರು ಯುರೋಪಿಯನ್ ದೇಶಗಳಲ್ಲಿ 507 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ, ಈ ಪದ್ಧತಿಯನ್ನು ಬಳಸಿದ ಗುಂಪಿನವರಲ್ಲಿ ಜೀವನದ ಗುಣಮಟ್ಟ ಮತ್ತು ಚಿಕಿತ್ಸೆಯ ತೃಪ್ತಿ ಎರಡೂ ಹೆಚ್ಚಿದ್ದವು. ಇದರ ಮುಂದಿನ ರೂಪವನ್ನು ಚೆನ್ನೈನ ಸ್ಕಿಜೋಫ್ರೀನಿಯಾ ರಿಸರ್ಚ್ ಫೌಂಡೇಶನ್ ಕೂಡ ಬಳಸಿನೋಡಿದೆ.

ಫಿನ್ಲೆಂಡಿನ ಪಶ್ಚಿಮ ಲ್ಯಾಪ್‌ಲ್ಯಾಂಡಿನಲ್ಲಿ 1980ರ ದಶಕದಿಂದ ಬೆಳೆದ ‘ಓಪನ್ ಡಯಲಾಗ್’ ಪದ್ಧತಿಯಲ್ಲಿ ರೋಗಿ, ಕುಟುಂಬ, ಸಿಬ್ಬಂದಿ ಒಟ್ಟಿಗೆ ಕೂತು ಮಾತಾಡುತ್ತಾರೆ. ಚಿಕಿತ್ಸೆಯ ತೀರ್ಮಾನಗಳೂ ರೋಗಿಯ ಎದುರಿಗೇ ಆಗುತ್ತವೆ. ಬೆನ್ನ ಹಿಂದೆ ಚರ್ಚೆ ಇಲ್ಲ. ಆರೋಗ್ಯ ಸೇವೆಗೆ ಮಾರ್ಗಸೂಚಿಗಳನ್ನು ರೂಪಿಸುವ ಇಂಗ್ಲೆಂಡಿನ ನೈಸ್ ಸಂಸ್ಥೆ 2011ರಲ್ಲಿ ವಯಸ್ಕರ ಮಾನಸಿಕ ಆರೋಗ್ಯ ಸೇವೆಯ ಅನುಭವಕ್ಕಾಗಿಯೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಆರಂಭಿಸಿದ ‘ಕ್ವಾಲಿಟಿ ರೈಟ್ಸ್’ ಕಾರ್ಯಕ್ರಮ ಆಸ್ಪತ್ರೆಗಳ ಗುಣಮಟ್ಟವನ್ನು ಮಾನವ ಹಕ್ಕುಗಳ ಅಳತೆಯಲ್ಲಿ ನೋಡುತ್ತದೆ.

ಟೀಕೆ ಮತ್ತು ಮಿತಿಗಳು

ತೃಪ್ತಿಯೊಂದನ್ನೇ ಗುರಿಯಾಗಿಸಿಕೊಂಡರೆ ಅಪಾಯವೂ ಇದೆ. ರೋಗಿ ಕೇಳಿದ ನಿದ್ದೆ ಮಾತ್ರೆಯನ್ನು ಕೇಳಿದಷ್ಟು ದಿನ ಬರೆದುಕೊಡುವ ವೈದ್ಯರು ಒಳ್ಳೆಯ ಅಂಕ ಪಡೆಯಬಹುದು, ಆದರೆ ಅದು ಒಳ್ಳೆಯ ಚಿಕಿತ್ಸೆಯಲ್ಲ. ಅಮೆರಿಕದ ಸಾಮಾನ್ಯ ರೋಗಿಗಳ ಬಗ್ಗೆ 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೆಚ್ಚು ತೃಪ್ತಿ ಸೂಚಿಸಿದವರ ಔಷಧದ ಖರ್ಚೂ ಸಾವಿನ ಪ್ರಮಾಣವೂ ಹೆಚ್ಚಿದ್ದವು. ಸಮೀಕ್ಷೆಗೆ ಸಿಗುವವರು ಚಿಕಿತ್ಸೆಯಲ್ಲಿ ಉಳಿದವರು ಮಾತ್ರ. ಬೇಸತ್ತು ಬರುವುದನ್ನೇ ಬಿಟ್ಟವರ ಅಭಿಪ್ರಾಯ ಯಾವ ಅಂಕಪಟ್ಟಿಯಲ್ಲೂ ಇರುವುದಿಲ್ಲ. ಓದುಬರಹ ಬಾರದವರು, ಭಾಷೆ ಬೇರೆಯಾದವರು, ತೀವ್ರ ಸ್ಥಿತಿಯಲ್ಲಿರುವವರು ಕೂಡ ಸಮೀಕ್ಷೆಯಿಂದ ಸುಲಭವಾಗಿ ಬಿಟ್ಟುಹೋಗುತ್ತಾರೆ.

ಈ ಮಿತಿಗಳನ್ನು ಅರಿತ ಸಂಶೋಧಕರು ಒಟ್ಟು ಅಂಕಕ್ಕಿಂತ ನಿರ್ದಿಷ್ಟ ಅನುಭವದ ಪ್ರಶ್ನೆಗಳಿಗೆ, ಸಿಬ್ಬಂದಿಗಿಂತ ಹೊರಗಿನವರು ನಡೆಸುವ ಸಂದರ್ಶನಕ್ಕೆ, ಚಿಕಿತ್ಸೆ ಬಿಟ್ಟವರನ್ನೂ ಹುಡುಕಿ ಕೇಳುವುದಕ್ಕೆ ಒತ್ತು ಕೊಡುತ್ತಾರೆ. ಕೇಳಿದ ಮೇಲೆ ಆಸ್ಪತ್ರೆಯಲ್ಲಿ ಏನು ಬದಲಾಯಿತು ಎಂಬುದನ್ನು ರೋಗಿಗಳಿಗೆ ತಿಳಿಸುವುದೂ ಆಸ್ಪತ್ರೆಯ ಹೊಣೆಯೇ. ದೂರು ಹೇಳಿದವರಿಗೆ ಉತ್ತರ ಬಾರದಿದ್ದರೆ ಮುಂದಿನ ಸಮೀಕ್ಷೆಯಲ್ಲಿ ಅವರು ಸತ್ಯ ಹೇಳುವ ಗೋಜಿಗೆ ಹೋಗುವುದಿಲ್ಲ. ಉತ್ತರ ಬಂದ ಕಡೆ ಸಮೀಕ್ಷೆಯೇ ಸಂವಹನದ ಒಂದು ದಾರಿಯಾಗುತ್ತದೆ.